ಅರ್ಧ ಲೆಕ್ಕ

ಅರವತ್ತೈದು ದಾಟಿದವರಿಗೆ ಅರ್ಧ ಟಿಕೆಟ್ಟಂತೆ.
ಕೌಂಟರಿನ ಹುಡುಗಿ ನಗುತ್ತ ಹರಿದು ಕೊಟ್ಟಳು.
ಎಪ್ಪತ್ತೆರಡನೇ ವಯಸ್ಸಿಗೆ
ಮತ್ತೆ ಅರ್ಧವಾದೆ.

ಕೌಲೂನಿನ ಈ ಕಟ್ಟಡದಲ್ಲಿ ಈಗ
ಮೇಲಿನ ಮಹಡಿಗಳೆಲ್ಲ ಲಾಡ್ಜು. ಕೋಣೆಗೊಂದು ನಲ್ಲಿ, ಬಿಳಿ ಹೊದಿಕೆ.
ನಮಗಾಗ ಇಡೀ ಮಹಡಿಗೆ ಎರಡೇ ನಲ್ಲಿ,
ನೀರಿಗಿಂತ ಮೊದಲು ಬರುತ್ತಿದ್ದುದು ಜಗಳ.

ಗಾಜಿನಾಚೆ ಒಂದು ಕೋಣೆ.
ನಮ್ಮದಲ್ಲ. ನಮ್ಮಂಥದ್ದು.
ಎರಡಂತಸ್ತಿನ ಮಂಚ, ಗುಲಾಬಿ ಚಿತ್ರದ ಫ್ಲಾಸ್ಕು,
ಮೊಳೆಗೆ ನೇತುಹಾಕಿದ ಯಾರದೋ ಅಂಗಿ, ಇಸ್ತ್ರಿ ಮಾಡಿದ್ದು!
ಸೀಮೆಎಣ್ಣೆ ಸ್ಟವ್ವನ್ನು ಒಳಗೇ ಮೂಲೆಯಲ್ಲಿಟ್ಟಿದ್ದಾರೆ, ಪಾಪ.
ಒಳಗೆ ಹಚ್ಚಿದರೆ ಉಸಿರನ್ನೆಲ್ಲಿ ಇಡುವುದು?
ಅದರ ಜಾಗ ಹೊರಗೆ, ಬಾಗಿಲ ಪಕ್ಕ.
ಎದುರಿನ ಮೊಕ್ ಅತ್ತೆ ಉಪ್ಪುಮೀನು ಹುರಿದರೆ
ಆ ಹೊಗೆಯನ್ನೇ ನೆಂಚಿಕೊಂಡು
ನಾವು ಅನ್ನ ಉಣ್ಣುತ್ತಿದ್ದೆವು.

ಗೋಡೆಯ ಫಲಕ ಹೇಳುತ್ತದೆ:
ಒಬ್ಬರಿಗೆ ಇಪ್ಪತ್ತನಾಲ್ಕು ಚದರಡಿ.
ಹತ್ತರೊಳಗಿನ ಮಗು ಅರ್ಧ ಆಳು.
ಇದು ಐದು ಆಳಿನ ಕೋಣೆ.

ಅಜ್ಜಿ, ಅಪ್ಪ, ಅಮ್ಮ, ಚಿಕ್ಕಪ್ಪ: ನಾಲ್ಕು.
ನಾನೊಂದರ್ಧ, ಅಣ್ಣ ಫುಕ್-ಶಿಂಗ್ ಒಂದರ್ಧ.
ಅವನಿಗೆ ಹತ್ತು ತುಂಬಿದೆ ಎಂದ ಅಪ್ಪ ಕಚೇರಿಯಲ್ಲಿ.
ಗುಮಾಸ್ತ ಎದ್ದು ಬಂದ,
ಸಂತೆಯಲ್ಲಿ ಕರುವಿನ ಬಾಯಿ ಬಿಡಿಸಿದ ಹಾಗೆ
ಅಣ್ಣನ ಬಾಯಿ ಬಿಡಿಸಿ ಹಲ್ಲೆಣಿಸಿದ.
ಎಂಟು, ಎಂದ. ಬರೆದುಕೊಂಡ.
ಮನೆಗೆ ಬರುವಷ್ಟು ದೂರವೂ ಅಣ್ಣ
ತುಟಿ ಬಿಗಿಹಿಡಿದುಕೊಂಡೇ ಇದ್ದ,
ಎಲ್ಲ ಹಲ್ಲಿನದೇ ತಪ್ಪು ಎಂಬಂತೆ.

ಆ ರಾತ್ರಿ ಸೀಮೆಸುಣ್ಣದಲ್ಲಿ ನೆಲಕ್ಕೆ ಗೆರೆ ಎಳೆದ:
ಈಚೆಗಿನದು ನಿನ್ನರ್ಧ, ಆಚೆಗಿನದು ನನ್ನರ್ಧ,
ದಾಟಿದರೆ ಬಾಡಿಗೆ ಒಂದು ಸೆಂಟು.
ನಿದ್ದೆಯಲ್ಲಿ ನಾನು ದಿನಾ ದಾಟುತ್ತಿದ್ದೆ.
ಸಾಲ ಎಷ್ಟಾಯಿತೋ, ಅವನು ಹೇಳಲೇ ಇಲ್ಲ.

ಜ್ವರಕ್ಕೆ ಮೂರು ದಿನ ಸಾಕಾಯಿತು.
ಹತ್ತು ತುಂಬಲು ಐದು ತಿಂಗಳಿತ್ತು.
ಮುಂದಿನ ವಾರ ಕಾರ್ಡಿನಲ್ಲಿ
ಅರ್ಧ ಕಳೆದರು.
ಗೋಡೆ ಅಲ್ಲಾಡಲಿಲ್ಲ. ಕೋಣೆ ಅಷ್ಟೇ ಇತ್ತು.
ಅಮ್ಮ ಮಾತ್ರ ಅಂದಿನಿಂದ
ಗೋಡೆಗೆ ಒತ್ತಿಕೊಂಡೇ ಮಲಗುತ್ತಿದ್ದಳು.

ನನಗೆ ಹತ್ತು ತುಂಬಿದ ಬೆಳಿಗ್ಗೆ
ಅಪ್ಪ ಕೈಹಿಡಿದು ಕಚೇರಿಗೆ ಕರೆದೊಯ್ದ.
ಅದೇ ಗುಮಾಸ್ತ. ಹಲ್ಲೆಣಿಸಲಿಲ್ಲ.
ಪೂರ್ತಿ ಆಳಾದೆ.
ಲೆಕ್ಕ ಮತ್ತೆ ಐದಕ್ಕೆ ಸರಿಹೋಯಿತು.

"ಗಾಜು ಮುಟ್ಟಬೇಡಿ, ಅಜ್ಜಿ."
ಮುಟ್ಟಿದ್ದೆನೇ? ಹಣೆಯ ಗುರುತು ಮೂಡಿದೆ.
ನೆಲದಲ್ಲಿ ಗೆರೆ ಹುಡುಕುತ್ತಿದ್ದೆ.
ನೆಲ ಹೊಸದು, ಮೇಣ ಹಚ್ಚಿ ತಿಕ್ಕಿದ್ದು.

ಕೊನೆಯ ಹಾಲಿನಲ್ಲಿ ಮೇಜು ಹಾಕಿದ್ದಾರೆ.
'ನೀವೂ ಮಾಡಿ ನೋಡಿ: ಪ್ಲಾಸ್ಟಿಕ್ ಹೂ.'
ಶಾಲೆಯ ಮಕ್ಕಳು ಎಸಳು ಮುರಿದುಕೊಂಡು ಕೂತಿದ್ದಾರೆ.
ನೂರನಲವತ್ತನಾಲ್ಕಕ್ಕೆ ಒಂದು ಗ್ರೋಸು;
ಕೂಲಿ ಎಷ್ಟಿತ್ತೆಂದು ತಲೆ ಮರೆತಿದೆ,
ಕೈ ಏನೂ ಮರೆತಿಲ್ಲ.
ಗೈಡಿನ ಮಾತು ಮುಗಿಯುವಷ್ಟರಲ್ಲಿ ಒಂಬತ್ತು.

ಕನ್ನಡಕದ ಹುಡುಗನೊಬ್ಬ ಎಣಿಸಿ, ಬಾಯಿ ಬಿಟ್ಟ.
ಮುಂದಿನ ಹಲ್ಲು ಬಿದ್ದಿದೆ.
"ನೀವು ಇಲ್ಲಿದ್ದಿರಾ? ಎಷ್ಟು ಜನ?"
"ಆರು."
"ಅಲ್ಲಿ ಐದು ಅಂತ ಬರೆದಿದೆ."
"ಹೌದು, ಬರೆದಿದೆ."

ಅವನು ಇನ್ನೂ ನೋಡುತ್ತಲೇ ಇದ್ದ.
ತೊಟ್ಟು ಕೊಟ್ಟೆ, ಎಲೆ ಕೊಟ್ಟೆ.
ಹೀಗೆ ಹಿಡಿ.
ಹೆದರಬೇಡ, ಒತ್ತು. ಇನ್ನೂ ಸ್ವಲ್ಪ.
ಟಕ್ಕೆನ್ನುವವರೆಗೆ.